ಮಲ್ಲೇಶ್ವರಂನಲ್ಲೊಂದು ಹಾಯಿಕಂಬ

ನನ್ನ ಸೋದರಮಾವನಿಗೆ ಹುಚ್ಚು ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಹುಚ್ಚರಿಗಾದರೋ ಒಂದೇ ಹುಚ್ಚು. ಮಾವನಿಗೆ ಹಬ್ಬಕ್ಕೊಂದು ಹೊಸದು ಬರುತ್ತಿತ್ತು! ಜೇನು ಸಾಕಿ ಆಗಿತ್ತು, ಕೊಳಲು ಊದಿ ಬಿಟ್ಟೂ ಆಗಿತ್ತು (ಅಕ್ಕಪಕ್ಕದವರ ಪುಣ್ಯ). ಕಾಲೇಜು ಓದಲೆಂದು ನಾನು ಮಲ್ಲೇಶ್ವರಂನ ಅವರ ಮನೆ ಸೇರಿದ ವರ್ಷ ಹಾಯಿದೋಣಿಯ ಸರದಿ.

ದಂಡಿನಲ್ಲಿ, ಎಂದರೆ ಕಂಟೋನ್ಮೆಂಟಿನಲ್ಲಿ, ಯಾರೋ ಬಿಳಿ ದೊರೆ ಸೀಮೆಗೆ ಹೊರಟು ಸಾಮಾನು ಹರಾಜು ಹಾಕಿದ್ದ. ಒಂದು ಮೇಜು ತನ್ನಿ ಎಂದು ಅತ್ತೆ ಮಾವನನ್ನು ಕಳಿಸಿದರು. ಸಂಜೆ ಎತ್ತಿನ ಗಾಡಿಯಲ್ಲಿ ಬಂದದ್ದು ದೋಣಿ.

"ಮೇಜೆಲ್ರೀ?" ಎಂದರು ಅತ್ತೆ.

"ಮೇಜು ಹತ್ಕೊಂಡು ಕೆರೆ ಸುತ್ತೋಕಾಗುತ್ತೇನೇ?"

ಇಂಥ ಪ್ರಶ್ನೆಗೆ ಯಾವ ಹೆಂಗಸು ತಾನೇ ಉತ್ತರ ಕೊಟ್ಟಾಳು!

ದೋಣಿಯನ್ನು ಸ್ಯಾಂಕಿ ಕೆರೆಯ ಹತ್ತಿರ ಪರಿಚಯದವರ ಕೊಟ್ಟಿಗೆಗೆ ಹಾಕಿದ್ದಾಯಿತು. ಹಾಯಿ ಕಟ್ಟುವ ಕಂಬವನ್ನು ಅಲ್ಲೇ ಬಿಟ್ಟರೆ ಯಾರಾದರೂ ಸೌದೆ ಮಾಡಿಕೊಂಡಾರೆಂದು ಮಾವ ಅದನ್ನು ಮನೆಗೇ ತಂದರು. ಒಳಗೆ ಹಿಡಿಸಲಿಲ್ಲ. ಅಂಗಳದಲ್ಲಿ ತುಳಸಿಕಟ್ಟೆಯ ಪಕ್ಕ ಕುಳಿ ತೋಡಿ ನಿಲ್ಲಿಸಿದರು. ನಡುನಡುವೆ ಕಬ್ಬಿಣದ ಬಳೆಗಳು, ಒನಕೆಗಿರುವಂತೆ ಬುಡಕ್ಕೊಂದು ಕಬ್ಬಿಣದ ಅಣಸು. ಥೇಟ್ ಗರುಡಗಂಬ! ಬೀದಿಯಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು ನಿಂತು ಕೈಮುಗಿದು, ಗುಡಿಯ ಬಾಗಿಲು ಎಷ್ಟು ಹೊತ್ತಿಗೆ ತೆಗೆಯುತ್ತಾರೆ ಎಂದು ನನ್ನನ್ನೇ ಕೇಳಿದಳು.

ವಿಜಯದಶಮಿಯ ದಿನ ದೋಣಿ ನೀರಿಗೆ, ಮಾವ ದೋಣಿಗೆ ಎಂಬುದು ನಿಶ್ಚಯವಾಯಿತು. ಮಾವನಿಗೆ ಈಜು ಬಾರದೆಂಬುದೂ ಅಷ್ಟೇ ನಿಶ್ಚಯ. ಅತ್ತೆಗೆ ಊಟ ರುಚಿಸದಾಯಿತು.

"ಈಜು ಬರ್ದೆ ಇರೋರಿಗೆ ಯಾಕ್ರೀ ದೋಣಿ?"

"ಈಜು ಬರೋನಿಗೆ ದೋಣಿ ಯಾಕೇ ಬೇಕು?"

ಮಳೆಗಾಲ ಶುರುವಾಯಿತು, ಕಂಬಕ್ಕೆ ಶನಿ ಹಿಡಿಯಿತು. ಬಳೆಗಳಿಗೆ ತುಕ್ಕು, ಅವುಗಳ ಸಂದಿಯಿಂದ ಮರದೊಳಗೆ ನೀರು. ಮಾವ ಅಡುಗೆಮನೆಯಿಂದ ಹುಣಸೆಹಣ್ಣು ತಂದು, ಪೂಜೆಪಾತ್ರೆ ಬೆಳಗುವ ಹಾಗೆ ಬಳೆಗಳನ್ನು ಗಸಗಸ ತಿಕ್ಕಿದರು.

"ಅದು ಹಿತ್ತಾಳೆಗೆ ಕಣ್ರೀ! ಕಬ್ಬಿಣಕ್ಕೆ ಯಾರಾದ್ರೂ ಹುಳಿ ಹಾಕ್ತಾರಾ?"

"ಲೋಹ ಅಂದ್ಮೇಲೆ ಎಲ್ಲಾ ಒಂದೇ ಜಾತಿ," ಎಂದರು ಮಾವ. ಬೆಳಗಾಗುವಷ್ಟರಲ್ಲಿ ಬಳೆಗಳು ಕಾವಿ ಉಟ್ಟು ಸನ್ಯಾಸ ತೆಗೆದುಕೊಂಡಿದ್ದವು!

ಆಮೇಲೆ ಸಂದಿಗಳಿಗೆ ಮೇಣ ತುಂಬಿದರು. ಮೇಣದ ಮೇಲೆ ಹರಳೆಣ್ಣೆ, ಎಣ್ಣೆಯ ಮೇಲೆ ಡಾಂಬರು. ಮನೆಯ ಸಾರಿಗೂ ಡಾಂಬರಿನ ವಾಸನೆ ಬಂತು. ತುದಿಯಿಂದ ನೀರು ಇಳಿಯದಿರಲೆಂದು ಅಲ್ಲೊಂದು ಮಡಕೆ ಬೋರಲು ಹಾಕಿದರು. ಕಾಗೆಗಳಿಗೆ ಅದು ಬಹಳ ಹಿಡಿಸಿತು.

ದಸರೆ ಹತ್ತಿರವಾದಾಗ ಮಳೆ ಬಿಡುವು ಕೊಟ್ಟಿತು. ಅಂಗಳ ಒಣಗಿ ಧೂಳೆದ್ದರೂ ಕಂಬದ ಬುಡ ಮಾತ್ರ ದಿನವೂ ಒದ್ದೆ! ಮಾವ ಮಣ್ಣು ಮುಟ್ಟಿ ನೋಡಿದರು, ಮೂಸಿ ನೋಡಿದರು.

"ಲೋ, ಕೆಳಗೆ ಒರತೆ ಇದೆ ಕಣೋ! ಇಷ್ಟು ದಿನ ಬೀದಿ ಬಾವಿಯಿಂದ ನೀರು ಹೊತ್ವಲ್ಲ!"

ಒರತೆ ಎಷ್ಟು ಹೊತ್ತಿಗೆ ಉಕ್ಕುತ್ತದೆಂದು ಪರೀಕ್ಷಿಸಲು ಮರುದಿನ ಬೆಳಗಾಗುತ್ತಲೇ ನನ್ನನ್ನೂ ಎಬ್ಬಿಸಿ ಕಿಟಕಿಯ ಹಿಂದೆ ಕೂರಿಸಿಕೊಂಡರು.

ಅತ್ತೆ ಮಿಂದು ಮಡಿಯಲ್ಲಿ ಬಂದರು. ತುಳಸಿಗೆ ನೀರೆರೆದರು. ಬಿಂದಿಗೆಯಲ್ಲಿ ಉಳಿದದ್ದನ್ನೆಲ್ಲ ಕಂಬದ ಬುಡಕ್ಕೆ ಸುರಿದರು. ಅರಿಶಿನ ಕುಂಕುಮ ಇಟ್ಟು ಪ್ರದಕ್ಷಿಣೆಗೆ ಹೊರಟರು!

ಮಾವ ಹೊರಗೆ ಹಾರಿದರು. "ಲೇ! ಏನೇ ಮಾಡ್ತಿದೀಯ?"

"ಪೂಜೆ ಮಾಡ್ತಿದೀನಿ."

"ಯಾವ ದೇವರಿಗೇ?"

"ನಂಗೇನು ಗೊತ್ತು? ನಿಮ್ಮನ್ನ ನೀರಿನ ಮೇಲೆ ಕರ್ಕೊಂಡು ಹೋಗೋದು ಇದೇ ತಾನೇ? ಬೇಡಾಂದ್ರೆ ನೀವು ಕೇಳೋರಲ್ಲ. ಅದಕ್ಕೇ, ಹೋದವರನ್ನ ಹಾಗೇ ವಾಪಸ್ಸು ತಂದ್ಬಿಡಪ್ಪಾ ಅಂತ ಇದನ್ನೇ ಕೇಳ್ಕೋತಿದೀನಿ." ಅತ್ತೆಯ ದನಿ ನಡುಗಿತು. "ಪ್ಲೇಗಿನಲ್ಲಿ ತವರಿನೋರು ಒಬ್ರೂ ಉಳೀಲಿಲ್ಲ. ದೇವರು ಮಕ್ಕಳನ್ನೂ ಕೊಡ್ಲಿಲ್ಲ. ನಂಗಿರೋದು ನೀವೊಬ್ರು."

ಸೆರಗಿನಿಂದ ಕಣ್ಣೊರಸಿಕೊಂಡು ಒಳಗೆ ಹೋದರು. ಮಾವ ಕಂಬದ ಬುಡದ ಒದ್ದೆ ಮಣ್ಣನ್ನು ಕಾಲಿನಿಂದ ಕೆದಕಿ, ಗುದ್ದಲಿ ತಾರೋ ಎಂದರು.

ಸ್ವಲ್ಪ ಹೊತ್ತಿನ ಮೇಲೆ ನಾವಿಬ್ಬರೂ ಕಂಬ ಕಿತ್ತು ಮಲಗಿಸಿದೆವು. ಅಣಸು ತುಕ್ಕು ತಿಂದು ಹಪ್ಪಳದಂತೆ ಮುರಿಯಿತು. ಅದರೊಳಗಿನ ಮರ ಲಡ್ಡು ಹಿಡಿದು ಕೊಳೆತಿತ್ತು. ಮಾವ ಚಾಕುವಿನಿಂದ ಚುಚ್ಚುತ್ತಾ ಬಂದರು. ಗೇಣುದ್ದ ದಾಟಿದ ಮೇಲೆ ಚಾಕು ಇಳಿಯಲೇ ಇಲ್ಲ.

"ಬುಡ ಒಂದು ಗೇಣು ಕುಯ್ಸಿ ಹೊಸ ಅಣಸು ಹಾಕಿದ್ರೆ ಸಾಕು ಮಾವ! ದಶಮಿ ಹೊತ್ತಿಗೆ ತಯಾರು!" ಎಂದೆ.

ಮಾವ ತಟ್ಟನೆ ನನ್ನ ಬಾಯಿ ಮುಚ್ಚಿದರು. ಅಡುಗೆಮನೆಯ ಕಡೆ ತಿರುಗಿ ಕೂಗಿದರು: "ಪೂರ್ತಿ ಹೋಯ್ತು ಕಣೇ! ತುದೀವರೆಗೂ ಲಡ್ಡು! ಇನ್ನು ಒಲೆಗೇ!"

ಅತ್ತೆ ಬಾಗಿಲಿಗೆ ಬಂದರು. ಮುಖ ಬಾಡಿತ್ತು. "ಅಯ್ಯೋ, ನಾನು ನೀರು ಹಾಕಿದ್ದಕ್ಕೇನ್ರೀ?"

"ಛೆ ಛೆ, ನಿನ್ನ ನೀರು ಏನು ಮಾಡುತ್ತೆ! ದೊರೆ ಮಾರಿದಾಗ್ಲೇ ಒಳಗೆಲ್ಲ ಹೋಗಿತ್ತು. ನಾನೇ ಪೆದ್ದ, ನೋಡ್ದೆ ತಂದೆ."

ಹಾಗೆಂದು ಚಾಕುವನ್ನು ನನ್ನ ಕೈಗಿತ್ತರು. ಕಂಬದ ಕಡೆ ತಿರುಗಿಯೂ ನೋಡದೆ, ಕಾಫಿ ಆಯಿತೇ ಎಂದು ಕೇಳುತ್ತಾ ಅತ್ತೆಯ ಹಿಂದೆಯೇ ಒಳಗೆ ಹೋದರು.