ಹಿಂಬದಿಯ ಲಾಂಡ್ರಿಯಿಂದ ಧೂಳು ಸೋಸುವ ಯಂತ್ರಕ್ಕೆ

ಮಾನ್ಯರೇ,

ಕಲ್ಲುಪುಡಿ ಕಾರ್ಖಾನೆಯ ಚಾವಣಿಯ ಮೇಲೆ ವಿರಾಜಮಾನರಾಗಿರುವ ತಮಗೆ, ಹಿಂಬದಿಯಲ್ಲಿ ಲಾಂಡ್ರಿ ನಡೆಸುವ ನಾನು, ಮೊದಲು ಮುಖದ ಪುಡಿ ಒರೆಸಿಕೊಂಡು ಆಮೇಲೆ ಕೈಮುಗಿಯುತ್ತೇನೆ.

ತಮ್ಮ ಹೊಟ್ಟೆಯೊಳಗಿನ ಉದ್ದುದ್ದ ಬಟ್ಟೆಚೀಲಗಳು ಧೂಳನ್ನು ಹಿಡಿದಿಟ್ಟು ಗಾಳಿಯನ್ನಷ್ಟೇ ಹೊರಗೆ ಬಿಡುತ್ತವೆ, ಆಗಾಗ ಜೋರು ಗಾಳಿ ಹೊಡೆದು ಆ ಚೀಲಗಳನ್ನು ಒದರಲಾಗುತ್ತದೆ ಎಂಬುದನ್ನು ಬಲ್ಲೆ. ಈ ಒದರುವಿಕೆ ಸಾಲದೆಂದು ಮ್ಯಾನೇಜರ್ ಸಾಹೇಬರಿಗೆ ಅನಿಸಿ, ಹೋದ ತಿಂಗಳು ಹೊಡೆತದ ಬಲವನ್ನೂ ಸಲವನ್ನೂ ಹೆಚ್ಚಿಸಿದರು. ಅಂದಿನಿಂದ ತಾವು ಢಬ್ಬೆಂದಾಗಲೆಲ್ಲ ನಮ್ಮ ಕಪಾಟಿನ ಲೋಟಗಳು ಎದ್ದು ಗೌರವ ಸೂಚಿಸತೊಡಗಿದವು; ತಾರಸಿಯಲ್ಲಿ ಬಿಳಿಯಾಗಿ ಹರಡಿದ ಆಸ್ಪತ್ರೆಯ ಹೊದಿಕೆಗಳು ಸಂಜೆಯೊಳಗೆ ಬೂದುಬಣ್ಣ ಪಡೆದು, ಮರಳಿ ತೊಟ್ಟಿಗೆ ಇಳಿಯತೊಡಗಿದವು.

ಹೇಳಿಕೊಳ್ಳಲು ಹೋದಾಗ ಸಾಹೇಬರು ಪ್ರೀತಿಯಿಂದಲೇ ಬರಮಾಡಿಕೊಂಡು, “ಫಿಲ್ಟರ್ ಎಷ್ಟು ಕ್ಲೀನಾಗಿದೆ ಬಂದು ನೋಡಮ್ಮ, ಒಂದು ಚೂರು ಧೂಳಿಲ್ಲ” ಎಂದು ಮೆಟ್ಟಿಲು ಹತ್ತಿಸಿ ತಮ್ಮ ದರ್ಶನ ಮಾಡಿಸಿದರು. ನಿಜವಾಗಿಯೂ ಇರಲಿಲ್ಲ. ಇರಬೇಕಾದದ್ದೆಲ್ಲ ನಮ್ಮ ಮನೆಯಲ್ಲಿತ್ತು.

ಬಟ್ಟೆ ಮಡಿಸುವುದರಲ್ಲಿ ನಮ್ಮ ಅತ್ತೆಯವರದು ಎತ್ತಿದ ಕೈ. ತಾರಸಿಯಲ್ಲೇ ಕೂತು ಮಡಿಸುತ್ತಿದ್ದವರಿಗೆ ಕೆಮ್ಮು ಹತ್ತಿ, ಒಂದು ಹೊದಿಕೆ ಮುಗಿಯುವಷ್ಟರಲ್ಲಿ ಏದುಸಿರು ಬರತೊಡಗಿತು. ಡಾಕ್ಟರು ಜಾಗ ಬದಲಿಸಲು ಹೇಳಿದ್ದರಿಂದ ನಾದಿನಿಯ ಮನೆಗೆ ಕಳಿಸಿದೆವು. ಆಟೋ ಹತ್ತುವಾಗಲೂ, “ಮೂಲೆಗೆ ಮೂಲೆ ಸೇರಿಸದೆ ಮಡಿಸ್ತೀಯ, ಇದ್ದ ಗಿರಾಕಿನೂ ಓಡಿಸ್ತೀಯ” ಎಂದರು. ಬೈಯುವವರಿಲ್ಲದ ಮನೆಯಲ್ಲಿ ನನಗೆ ಕೈಯೇ ಓಡುತ್ತಿರಲಿಲ್ಲ.

ಸಾಹೇಬರ ಅಂಗಿಗಳೂ ನಮ್ಮಲ್ಲಿಗೇ ಬರುತ್ತಿದ್ದವು. ಅವನ್ನು ಮರ್ಯಾದೆಯಿಂದ ಒಳಗೆ ಫ್ಯಾನಿನಡಿ ಒಣಗಿಸುತ್ತಿದ್ದವಳು ಈ ಸಲ ತಾರಸಿಗೆ ಹಾಕಿ, ಹತ್ತಿದ ಬೂದುಬಣ್ಣದಲ್ಲೇ ಇಸ್ತ್ರಿ ಮಾಡಿ ಕಳಿಸಿದೆ. ಮರುದಿನವೇ ಇಂಜಿನಿಯರರು ಬಂದು ತಮ್ಮ ಹೊಟ್ಟೆ ತೆರೆದರು. ಸಾಹೇಬರು ನನ್ನನ್ನೂ ಕರೆಸಿದ್ದರಿಂದ ನನ್ನ ಕಿವಿಯಾರೆ ಕೇಳಿದೆ: “ಚೀಲದ ಮೇಲೆ ತೆಳ್ಳಗೆ ಒಂದು ಪದರ ಧೂಳು ಇರಲೇಬೇಕು ಸಾರ್, ಅದೇ ಮಿಕ್ಕ ಧೂಳನ್ನ ತಡೆಯೋದು. ನೀವು ಅದನ್ನೂ ಉದುರಿಸಿ, ಚೀಲಾನೂ ಹರಿದಿಟ್ಟಿದೀರಿ.” ಹರಿದವನ್ನು ಬದಲಿಸಿದರು, ಹೊಡೆತ ತಗ್ಗಿಸಿದರು. ಈಗ ಹೊದಿಕೆಗಳು ಬಿಳಿಯಾಗಿಯೇ ಕೆಳಗಿಳಿಯುತ್ತಿವೆ. ಅತ್ತೆಯವರು ಮೊನ್ನೆ ಮರಳಿ, ನಾನು ಮಡಿಸಿಟ್ಟಿದ್ದ ಇಡೀ ರಾಶಿಯನ್ನು ಬಿಚ್ಚಿ ಮತ್ತೆ ಮಡಿಸಿದರು. ಕೆಮ್ಮಲಿಲ್ಲ.

ಆದರೆ ಮೇಲಿನ ಅಧಿಕಾರಿಗಳು ನೋಡಲು ಬರುತ್ತಾರೆಂದೂ, ತಮ್ಮನ್ನು ಮತ್ತೆ ಥಳಥಳಿಸುವಂತೆ ಮಾಡಬೇಕೆಂದೂ ಸಾಹೇಬರು ಹೇಳುತ್ತಿದ್ದಾರಂತೆ. ಆದ್ದರಿಂದ ವಿನಂತಿಸುತ್ತೇನೆ: ದಯವಿಟ್ಟು ತಾವು ಸ್ವಲ್ಪ ಕೊಳಕಾಗಿಯೇ ಇರಬೇಕು. ಥಳಥಳಿಸುವುದು ಅನಿವಾರ್ಯವೇ ಆದರೆ, ಅಂದು ನಮ್ಮ ಹೊದಿಕೆಗಳನ್ನು ಒಣಹಾಕಲು ತಮ್ಮ ಹೊಟ್ಟೆಯಲ್ಲಿ ಎರಡು ಹಗ್ಗ ಕಟ್ಟಲು ಅಪ್ಪಣೆಯಾಗಲಿ. ಈ ಬೀದಿಯಲ್ಲಿ ಅಷ್ಟು ಶುಭ್ರವಾದ ಜಾಗ ಬೇರೆ ಉಳಿದಿರುವುದಿಲ್ಲ.

ತಮ್ಮ ನೆರೆಯವಳೂ ವಿಶ್ವಾಸಿಯೂ ಆದ,
ಲಾಂಡ್ರಿಯವಳು

ತಾ.ಕ.: ಸಾಹೇಬರು ಅಂಗಿಗಳನ್ನು ಈಗ ಊರಾಚೆಯ ಲಾಂಡ್ರಿಗೆ ಕೊಡುತ್ತಿದ್ದಾರೆ. ತಮ್ಮ ಮೇಲೆ ಅವರಿಗಿರುವ ನಂಬಿಕೆ ಎಷ್ಟೆಂದು ತಮಗೂ ಗೊತ್ತಿರಲಿ ಎಂದು ತಿಳಿಸಿದ್ದೇನೆ.