ಕರೆಂಟು ಹೋದರೂ ಹಾಡಿದ ರೇಡಿಯೋ

ಈ ವಿಷಯವನ್ನು ಹೇಳಿಬಿಡಬೇಕು ಎಂದುಕೊಳ್ಳುತ್ತಲೇ ಎಷ್ಟೋ ವರ್ಷ ಕಳೆದುಬಿಟ್ಟೆ. ಮಗಳ ಮದುವೆ ಮುಗಿಯಲಿ ಎಂದುಕೊಂಡೆ, ಮುಗಿಯಿತು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬರೆದರಾಯಿತು ಎಂದುಕೊಂಡೆ. ಪೊರೆಯೂ ಹೋಯಿತು, ಈಗ ಎಲ್ಲವೂ ಬೇಕಾದ್ದಕ್ಕಿಂತ ಹೆಚ್ಚು ಸ್ಪಷ್ಟವಾಗಿ ಕಾಣುತ್ತಿದೆ. ಇನ್ನು ನೆಪ ಉಳಿದಿಲ್ಲ. ನಾನು ಓದಿದ್ದು ಹೈಸ್ಕೂಲಿನವರೆಗೆ. ತಪ್ಪೊಪ್ಪಿಗೆಯನ್ನು ಹೇಗೆ ಬರೆಯುತ್ತಾರೋ ತಿಳಿಯದು. ರಜೆ ಅರ್ಜಿ ಬರೆದು ಗೊತ್ತು, ಆದರೆ ಅದರಲ್ಲಿ ನಿಜ ಬರೆದ ಅಭ್ಯಾಸವಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಹಿರಿಯೂರಿನ ಒಂದು ತೆಂಗಿನಕಾಯಿ ಮಂಡಿಯಲ್ಲಿ ಗುಮಾಸ್ತನಾಗಿದ್ದೆ. ಆಗ ಟ್ರಾನ್ಸಿಸ್ಟರ್ ಎಲ್ಲರ ಕೈಗೂ ಬಂದಿತ್ತು. ಜವನಗೊಂಡನಹಳ್ಳಿ ಕಡೆಯ ಕುರಿಗಾಹಿಗಳೂ ಕಂಬಳಿಯ ಮೇಲೊಂದು ರೇಡಿಯೋ ನೇತುಹಾಕಿಕೊಂಡು ಹೋಗುತ್ತಿದ್ದರು. ನಾನೂ ಚರ್ಮದ ಕವಚದ್ದೊಂದು ಕೊಂಡೆ. ಚೆನ್ನಾಗಿ ಹಾಡುತ್ತಿತ್ತು. ಅದಕ್ಕಿದ್ದ ದೋಷ ಒಂದೇ, ಮರ್ಯಾದೆ ಇರಲಿಲ್ಲ. ಮರ್ಯಾದೆಯೆಲ್ಲ ಇದ್ದದ್ದು ನಮ್ಮ ಸಾಹುಕಾರರ ಮನೆಯ ಹಳೆಯ ವಾಲ್ವ್ ರೇಡಿಯೋಗೆ. ತೇಗದ ಪೆಟ್ಟಿಗೆ, ಜರಿ ಎಳೆಯ ಬಟ್ಟೆ ಬಿಗಿದ ಮುಖ, ಮೇಲೊಂದು ಹಸಿರು ದೀಪದ ಕಣ್ಣು. ಗುಂಡಿ ತಿರುಗಿಸಿದ ಕೂಡಲೇ ಅದು ಮಾತಾಡುತ್ತಿರಲಿಲ್ಲ. ಒಳಗಿನ ವಾಲ್ವುಗಳು ಬಿಸಿಯಾಗುವವರೆಗೂ ಎಲ್ಲರೂ ಕೈಕಟ್ಟಿಕೊಂಡು ಕಾಯಬೇಕು. ದೊಡ್ಡ ಮನುಷ್ಯರ ಲಕ್ಷಣವೇ ಅದಲ್ಲವೇ? ಕರೆದ ಕೂಡಲೇ ಓಗೊಡುವವನು ಜವಾನ.

ಹೊರಕೆರೆದೇವಪುರದ ನನ್ನ ಮಾವನವರು ಒಮ್ಮೆ ಬಂದಾಗ ನನ್ನ ಟ್ರಾನ್ಸಿಸ್ಟರನ್ನು ಅಂಗೈ ಮೇಲಿಟ್ಟು ತೂಗಿ ನೋಡಿದರು.

"ಇದೇನಪ್ಪ, ಸೋಪಿನ ಡಬ್ಬಿ ಇದ್ದಂಗೈತೆ? ರೇಡಿಯೋ ಅಂದ್ರೆ ಇಬ್ಬರು ಹಿಡಿದು ಎತ್ತಂಗಿರಬೇಕು."

ಆ ಮಾತು ನನಗೆ ನಾಟಿತು. ಏಕೆ ಅಷ್ಟು ನಾಟಿತೋ ಇವತ್ತಿಗೂ ಅರ್ಥವಾಗಿಲ್ಲ. ಹಾಡು ಬೇಕೆಂದು ರೇಡಿಯೋ ಕೊಂಡವನು, ಈಗ ರೇಡಿಯೋ ಕಾಣಲೆಂದು ಹಾಡು ಹಾಕಬೇಕೆನ್ನುವ ಸ್ಥಿತಿಗೆ ಬಂದಿದ್ದೆ. ನೇರವಾಗಿ ನಮ್ಮ ಬೀದಿಯ ಕೊನೆಯಲ್ಲಿದ್ದ ಆಚಾರಿಯ ಹತ್ತಿರ ಹೋದೆ. ಸಾಹುಕಾರರ ಮನೆಯದರಂಥದೇ ಪೆಟ್ಟಿಗೆ ಮಾಡು, ಒಳಗೆ ನನ್ನ ಟ್ರಾನ್ಸಿಸ್ಟರ್ ಇಡೋಣ ಎಂದೆ.

"ಅಲ್ರೀ ಗುಮಾಸ್ತ್ರೆ, ಚೋಟುದ್ದ ಮಗೂಗೆ ಅಜ್ಜನ ಕೋಟು ಹೊಲಿಸ್ತೀರಲ್ಲ!" ಎಂದು ನಕ್ಕ. ಆದರೆ ಮರ ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಅವನಿಗೊಂದು ಕೊರಗೂ ಇತ್ತು. "ನಮ್ಮಪ್ಪ ಕೆತ್ತಿದ ತಲೆಬಾಗ್ಲು ಈ ಸೀಮ್ಯಾಗೆ ಹತ್ತು ಅವೆ. ನಂದು ಒಂದೂ ಇಲ್ಲ. ನಂಗೆ ಬರೀ ಕುಂಟೆ, ಕೂರಿಗೆ, ಮಂಚದ ಕಾಲು."

ಮಾವನವರು ಆಗ ಹೊಸ ಮನೆ ಕಟ್ಟಿಸುತ್ತಿದ್ದರು. ಅದರ ತಲೆಬಾಗಿಲ ಕೆಲಸ ನಿನಗೇ ಕೊಡಿಸುತ್ತೇನೆ ಎಂದು ಮಾತು ಕೊಟ್ಟೆ. ಅವನ ಮುಖ ನೋಡಬೇಕಿತ್ತು. "ಹಂಗಾದ್ರೆ ಪೆಟ್ಟಿಗೆಗೆ ಕೂಲಿ ಬ್ಯಾಡ" ಎಂದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಳಗಿನ ಗುಟ್ಟು ಹೊರಬಿದ್ದರೆ ಎಂಬ ಭಯಕ್ಕೆ, ಯಾರಿಗೂ ಹೇಳುವುದಿಲ್ಲವೆಂದು ಅವನ ಉಳಿ ಮುಟ್ಟಿಸಿ ಆಣೆ ಹಾಕಿಸಿಕೊಂಡೆ. ಅವನು ಒಂದು ಕ್ಷಣ ಹಿಂದೇಟು ಹಾಕಿದ. "ಇದು ಅನ್ನ ಕೊಡೋದು ಕಣ್ರಿ. ಇದನ್ನ ಮುಟ್ಟಿ ಹೇಳಿದ್ರೆ ಆಮ್ಯಾಕೆ ತಲಿ ಹೋದ್ರೂ ಬಾಯಿ ಬಿಡಂಗಿಲ್ಲ." ಬಿಡಬೇಡ, ಅದೇ ನನಗೆ ಬೇಕಾದ್ದು ಎಂದೆ.

ಪೆಟ್ಟಿಗೆ ಬಂತು. ಅಂಚಿನಲ್ಲಿ ಬಳ್ಳಿ ಕೆತ್ತಿದ್ದ. ಹಸಿರು ಸೀಸೆಯ ಚೂರಿನ ಹಿಂದೆ ಟಾರ್ಚಿನ ಬಲ್ಬು ಕೂರಿಸಿ ಕಣ್ಣು ಮಾಡಿದ್ದ. ಮುಂದಿನ ಹಿತ್ತಾಳೆ ಗುಂಡಿಗಳು ತಿರುಗುತ್ತಿದ್ದವು, ಅಷ್ಟೇ. ನಿಜವಾದ ಗುಂಡಿ ಮುಟ್ಟಬೇಕಾದರೆ ಹಸುವಿಗೆ ಹೆರಿಗೆ ಮಾಡಿಸುವವನ ಹಾಗೆ ಹಿಂದಿನಿಂದ ಭುಜದವರೆಗೆ ಕೈ ಹಾಕಬೇಕಿತ್ತು. ನಂಬಿಕೆ ಬರಲೆಂದು ಒಂದು ವಯರನ್ನೂ ಗೋಡೆಯ ಪ್ಲಗ್ಗಿಗೆ ಚುಚ್ಚಿದ್ದೆ. ಅದರ ಇನ್ನೊಂದು ತುದಿ ಟೇಪು ಸುತ್ತಿಕೊಂಡು ಪೆಟ್ಟಿಗೆಯೊಳಗೆ ಸುಮ್ಮನೆ ಮಲಗಿತ್ತು. ಗುಂಡಿ ತಿರುಗಿಸಿ ಇಪ್ಪತ್ತರವರೆಗೆ ಎಣಿಸಿ, ಆಮೇಲೆ ಕಳ್ಳಗೈಯಿಂದ ಹಿಂದೆ ಚಾಲೂ ಮಾಡುತ್ತಿದ್ದೆ. ವಾರ್ತೆ ಓದುವವರಿಗೆಲ್ಲ ನೆಗಡಿಯಾದಂತೆ ಕೇಳುತ್ತಿತ್ತು. ಆದರೂ ಬಂದವರು "ಹಳೇ ಸೆಟ್ಟಿನ ಗತ್ತೇ ಬ್ಯಾರೆ" ಎನ್ನುತ್ತಿದ್ದರು. ವಿಚಿತ್ರವೆಂದರೆ, ಸ್ವಲ್ಪ ದಿನಕ್ಕೆ ನನಗೂ ಹಾಗೆಯೇ ಕೇಳತೊಡಗಿತು. ಆಚಾರಿಯನ್ನು ಬಿಟ್ಟರೆ ಎಲ್ಲ ತಿಳಿದಿದ್ದವಳು, ಸೆಲ್ ಬದಲಾಯಿಸುತ್ತಿದ್ದ ನನ್ನ ಹೆಂಡತಿ ಮಾತ್ರ. ಮಾವನವರಿಗೆ, ಟ್ರಾನ್ಸಿಸ್ಟರ್ ತಮ್ಮನಿಗೆ ಕೊಟ್ಟು ಚಿತ್ರದುರ್ಗದಲ್ಲಿ ಹಳೆಯ ಸೆಟ್ಟು ಕೊಂಡೆ ಎಂದು ಕಾಗದ ಬರೆದೆ.

ಒಂದು ಭಾನುವಾರ ಮಾವನವರು ಬಾಗಿಲ ಕೆಲಸ ಮಾತಾಡಲೆಂದೇ ಬಂದರು. ಮಧ್ಯಾಹ್ನ ಊಟವಾಗಿತ್ತು. ತಲೆಯ ಮೇಲೆ ಫ್ಯಾನು, ಎದುರಿಗೆ ರೇಡಿಯೋ. ಆಚಾರಿ ಒಗೆದ ಅಂಗಿ ತೊಟ್ಟು, ಉಳಿಯ ಚೀಲ ಹಿಡಿದು ಬಂದು ಬಾಗಿಲ ಬಳಿ ಕುಳಿತ. ಮಾವನವರು ಪೆಟ್ಟಿಗೆಯ ಬಳ್ಳಿಯ ಮೇಲೆ ಬೆರಳಾಡಿಸಿದರು.

"ಏನ್ ಕೈಯಪ್ಪ ಇದು! ಹಳೇ ಕಾಲದೋರು ಬಿಡು. ಏನಪ್ಪ ಆಚಾರಿ, ಇಂಥಾದ್ದು ನಿಂಗೆ ಬಂದೀತಾ?"

ಆಚಾರಿ ನನ್ನ ಕಡೆ ನೋಡಿದ. ನಾನು ಫ್ಯಾನಿನ ಕಡೆ ನೋಡಿದೆ. "ಪ್ರಯತ್ನ ಮಾಡಾಣ ಯಜಮಾನ್ರೆ" ಎಂದ ಪುಣ್ಯಾತ್ಮ.

ಆಗಲೇ ಕರೆಂಟು ಹೋಯಿತು. ಫ್ಯಾನು ನಿಂತಿತು. ರೇಡಿಯೋ ಹಾಡುತ್ತಲೇ ಇತ್ತು. ಹಸಿರು ಕಣ್ಣು ಮಿಟುಕಿಸದೆ ಉರಿಯುತ್ತಿತ್ತು. ಮಾವನವರು ಫ್ಯಾನು ನೋಡಿದರು, ಪ್ಲಗ್ಗು ನೋಡಿದರು, ನನ್ನನ್ನು ನೋಡಿದರು.

"ಕರೆಂಟು ಇಲ್ದೆ ಇದು ಹೆಂಗೆ ಹಾಡ್ತೈತೆ?"

"ಒಳಗೆ ಬಿಸಿ ಉಳಿದಿರ್ತದೆ ಮಾವ. ಬೆಂಕಿ ಆರಿದ ಮೇಲೂ ಒಲೆ ಬಿಸಿ ಇರಲ್ವಾ, ಹಂಗೆ."

ಆ ಹಾಡು ಮುಗಿಯಿತು. ಇನ್ನೊಂದು ಶುರುವಾಯಿತು. ಅದೂ ಮುಗಿದು ಗೊಬ್ಬರದ ವಿಷಯ ಬಂತು.

"ಇನ್ನೂ ಆರಲಿಲ್ಲೇನಪ್ಪ ನಿನ್ನ ಒಲೆ?" ಎನ್ನುತ್ತ ಮಾವನವರು ಎದ್ದು ಹಿಂದಿನ ಹಲಗೆ ಎಳೆದೇಬಿಟ್ಟರು. ಅಷ್ಟು ದೊಡ್ಡ ಪೆಟ್ಟಿಗೆಯ ಮೂಲೆಯಲ್ಲಿ, ನನ್ನ ಹಳೆಯ ಟವಲಿನ ಮೇಲೆ, ಗೂಡಿನಲ್ಲಿ ಕೋಳಿಮರಿ ಕೂತ ಹಾಗೆ ಟ್ರಾನ್ಸಿಸ್ಟರ್ ಕೂತಿತ್ತು. ಚರ್ಮದ ಕವಚ ಕಳಚಿದ್ದರಿಂದ ಅವರಿಗೆ ಗುರುತು ಸಿಗಲಿಲ್ಲ. ನಿಜ ಹೇಳಿದ್ದರೆ ನಕ್ಕು, ಆಯುಷ್ಯವಿಡೀ ಗೇಲಿ ಮಾಡುತ್ತಿದ್ದರು, ಅಷ್ಟೇ. ಅಷ್ಟಕ್ಕೇ ಹೆದರಿ ನನ್ನ ಬಾಯಿ ಏನು ಹೇಳಿತು ಗೊತ್ತೇ?

"ಅಯ್ಯೋ ಮಾವ! ಪೆಟ್ಟಿಗೆ ಕಾಲು ಅಲ್ಲಾಡ್ತಿತ್ತು ಅಂತ ಹೋದ ತಿಂಗಳು ಇವನ ಹತ್ರ ರಿಪೇರಿಗೆ ಬಿಟ್ಟಿದ್ದೆ. ಒಳಗಿನ ಮಾಲು ತೆಗೆದು ಇದನ್ನ ಇಟ್ಟವ್ನೆ! ಲೇ, ಕಳ್ಳ!"

ಹೆಸರು ಹಿಡಿದೇ ಕೂಗಿದೆ. ಬೀದಿಗೆಲ್ಲ ಕೇಳಿತು, ಕೇಳಲೆಂದೇ ಕೂಗಿದ್ದೆನೋ ಏನೋ. ಆಚಾರಿಯ ಕೈ ಉಳಿಯ ಚೀಲದ ಮೇಲಿತ್ತು.

"ಏನಪ್ಪ, ಹೌದಾ?" ಎಂದು ಮಾವನವರು ಕೇಳಿದರು.

"ನಾನೇನೂ ಹೇಳಂಗಿಲ್ಲ ಯಜಮಾನ್ರೆ."

"ಹೇಳಕ್ಕೆ ಏನೈತೆ? ಎದ್ದು ಹೋಗು."

ಅವನು ಎದ್ದು ಹೋದ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಡತಿ, ನಾನು ಮಾವನವರನ್ನು ಬಸ್ಸು ಹತ್ತಿಸಿ ಬಂದ ಮೇಲೆ ಒಂದೇ ಮಾತು ಹೇಳಿದಳು. "ನಿಮ್ಮ ಜೊತಿಗೆ ನನ್ನೂ ಕಳ್ಳಿ ಮಾಡಿದ್ರಿ." ಅಂದಿನಿಂದ ಅವಳು ಸೆಲ್ ಬದಲಾಯಿಸಲಿಲ್ಲ.

ಮಾವನವರ ತಲೆಬಾಗಿಲನ್ನು ದುರ್ಗದವರೊಬ್ಬರು ಮಾಡಿದರು. ಇತ್ತ, ಆಚಾರಿಯ ಹತ್ತಿರ ರಿಪೇರಿಗೆ ಮಂಚ ಬಿಡುವುದಕ್ಕೂ ಜನ ಹಿಂದೆಮುಂದೆ ನೋಡತೊಡಗಿದರು. ವರ್ಷದೊಳಗೆ ಅವನು ಹೊಸದುರ್ಗಕ್ಕೆ ಹೊರಟುಹೋದ.

ಎರಡು ವರ್ಷದ ಮೇಲೆ ಹೊಸದುರ್ಗದ ಬಸ್ ನಿಲ್ದಾಣದಲ್ಲಿ ಅವನೇ ನನ್ನನ್ನು ಕರೆದ. "ಗುಮಾಸ್ತ್ರೆ, ಬರ್ರಿ, ಕುಂತ್ಕಳ್ರಿ. ಪೆಟ್ಟಿಗೆ ಬಿರುಕು ಬಿಟ್ಟಿಲ್ಲ ತಾನೇ?" ಮದುವೆ ಮಾಡಿಕೊಟ್ಟ ಮಗಳನ್ನು ವಿಚಾರಿಸಿದ ಹಾಗಿತ್ತು. ಇಲ್ಲ ಎಂದೆ. ಅವನು ಕ್ಷಮಿಸಿದ್ದನೋ, ಚುಚ್ಚುತ್ತಿದ್ದನೋ, ಬರೀ ಮರದ ಚಿಂತೆಯೋ, ನನಗೆ ತಿಳಿಯಲಿಲ್ಲ. ತಪ್ಪಾಯಿತು ಎನ್ನುವ ಮಾತು ತುಟಿಯವರೆಗೆ ಬಂದಿತ್ತು. ಅಷ್ಟರಲ್ಲಿ ಬಸ್ಸು ಬಂತು, ಓಡಿ ಹತ್ತಿದೆ. ನಾನು ಹೋಗಬೇಕಾಗಿದ್ದದ್ದು ಹಿರಿಯೂರಿಗೆ, ಅದು ಹೊಳಲ್ಕೆರೆಯ ಬಸ್ಸು. ಗೊತ್ತಿದ್ದೂ ಇಳಿಯಲಿಲ್ಲ.

ಬರೆದದ್ದನ್ನು ಈಗ ಓದಿ ನೋಡಿದರೆ ಉದ್ದಕ್ಕೂ 'ಆಚಾರಿ' ಎಂದಷ್ಟೇ ಬರೆದುಕೊಂಡು ಬಂದಿದ್ದೇನೆ. ಹೆಸರು ಮರೆತಿಲ್ಲ. ಕಳ್ಳ ಎನ್ನುವಾಗ ಅಷ್ಟು ಸಲೀಸಾಗಿ ಬಾಯಿಗೆ ಬಂದ ಹೆಸರು, ತಪ್ಪು ನನ್ನದು ಎನ್ನುವಾಗ ಏಕೆ ಪೆನ್ನಿನಿಂದ ಇಳಿಯುವುದಿಲ್ಲವೋ ಕಾಣೆ. ಪೆಟ್ಟಿಗೆ ಮಾಡಿದವನು, ಏನನ್ನೂ ಕದಿಯದವನು, ನಾಗಲಿಂಗಾಚಾರಿ.