ಆತ್ಮವಿಶ್ವಾಸದ ಟಗರು

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂದು ನಮ್ಮವ್ವ ಹೇಳುತ್ತಿದ್ದಳು. ಹೇಳುವಾಗ ನನ್ನ ಕಡೆ ನೋಡಿ ನಿಟ್ಟುಸಿರು ಬಿಡುತ್ತಿದ್ದಳು. ದೇವರು ನನಗೂ ಬಾಯಿ ಕೊಟ್ಟಿದ್ದಾನೆ. ಊಟದ ಹೊತ್ತಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಯಾರನ್ನಾದರೂ ಏನಾದರೂ ಕೇಳಬೇಕಾದಾಗ, ಇಲ್ಲವೇ ‘ಆಗಲ್ಲ’ ಎನ್ನಬೇಕಾದಾಗ ಮಾತ್ರ ಮುಷ್ಕರ ಹೂಡುತ್ತದೆ. ಕ್ಷೌರದಂಗಡಿಯವನು ಮೀಸೆಯ ಒಂದು ಕಡೆ ಹೆಚ್ಚು ಕತ್ತರಿಸಿ, ‘ಸರಿಯಾಯ್ತಾ ಸಾರ್?’ ಎಂದರೆ ‘ಸರಿಯಾಯ್ತು’ ಎಂದು ಎದ್ದು ಬರುವ ಪೈಕಿ ನಾನು. ಹೆಣ್ಣು ನೋಡಲು ಹೋದಾಗ ‘ಹುಡುಗೀನ ಏನಾದ್ರೂ ಕೇಳಪ್ಪ’ ಎಂದು ಹಿರಿಯರು ಒತ್ತಾಯ ಮಾಡಿದರು. ಒಂದು ಲೋಟ ನೀರು ಕೇಳಿದೆ. ಅಂದಿನಿಂದ ನಮ್ಮ ಮನೆಯಲ್ಲಿ ಕೇಳುವ ಇಲಾಖೆ ಪೂರ್ತಿ ನನ್ನ ಹೆಂಡತಿ ರತ್ನಳದೇ.

ಆದರೆ ಒಂದು ಮಾತನ್ನು ನಾನೇ ಕೇಳಬೇಕಿತ್ತು. ಹೊಸ ಶತಮಾನ ಇನ್ನೂ ಹೊಸದಾಗಿದ್ದ ಕಾಲ. ನನ್ನ ಮನೆ ಚಳ್ಳಕೆರೆಯಲ್ಲಿ, ಗುಮಾಸ್ತಗಿರಿ ಒಂದು ಸಹಕಾರ ಸಂಘದ ದೇವಸಮುದ್ರದ ಶಾಖೆಯಲ್ಲಿ. ಮೊಳಕಾಲ್ಮೂರಿನಲ್ಲಿ ಬಸ್ಸು ಬದಲಿಸಿ, ಕುರಿಮರಿ, ಕೋಳಿಬುಟ್ಟಿಗಳ ನಡುವೆ ಒಂಟಿ ಕಾಲಲ್ಲಿ ನಿಂತು ಹೋಗಿಬರಬೇಕು. ಮಗಳು ಏಳುವ ಮೊದಲು ಹೊರಡುತ್ತಿದ್ದೆ, ಅವಳು ಮಲಗಿದ ಮೇಲೆ ಬರುತ್ತಿದ್ದೆ. ಒಂದು ಭಾನುವಾರ ನಾನು ಊಟಕ್ಕೆ ಕೂತಿದ್ದಾಗ ಅವಳು ಒಳಗೆ ಹೋಗಿ, ‘ಅವ್ವಾ, ಈ ಮಾಮ ಉಂಡ್ಕೊಂಡು ಹೋಗ್ತಾರಾ, ಇಲ್ಲೇ ಇರ್ತಾರಾ?’ ಎಂದಳು. ರತ್ನ ನಕ್ಕಳು. ನಾನು ಅರ್ಧ ಊಟಕ್ಕೇ ಎದ್ದು ಕೈ ತೊಳೆದೆ. ಚಳ್ಳಕೆರೆಯ ಮುಖ್ಯ ಕಚೇರಿಯಲ್ಲಿ ಒಂದು ಕುರ್ಚಿ ಖಾಲಿ ಬಿದ್ದಿತ್ತು. ಸೆಕ್ರೆಟರಿ ವೀರಭದ್ರಪ್ಪನವರು ‘ಹೂಂ’ ಎಂದರೆ ಅದು ನನ್ನದು. ಆ ‘ಹೂಂ’ ಕೇಳಲು ಅವರ ಕೋಣೆಯೊಳಗೆ ಎಷ್ಟು ಸಲ ಹೋದೆನೋ, ಪ್ರತಿ ಸಲವೂ ‘ಬಿಸಿಲು ಜಾಸ್ತಿ ಸಾರ್’ ಎಂದು ಹೇಳಿ ಬಂದೆ.

ಆಗಲೇ ನಮ್ಮ ಊರಿಗೆ ಜೀವನ ತರಬೇತುದಾರರೊಬ್ಬರು ಬಂದರು. ‘ಲೈಫ್ ಕೋಚ್’ ಎಂದು ಗೋಡೆ ಗೋಡೆಗೂ ಅಂಟಿಸಿದ್ದರು. ಕೋಚ್ ಎಂದರೆ ವಾಲಿಬಾಲ್ ಆಡಿಸುವವರು ಎಂದಷ್ಟೇ ಗೊತ್ತಿದ್ದ ನಮಗೆ, ಸಂಸಾರಕ್ಕೂ ಒಬ್ಬರು ಸೀಟಿ ಊದುವವರು ಇದ್ದಾರೆ ಎಂಬುದು ಹೊಸ ಸಂಗತಿ. ರತ್ನ ನನ್ನ ಹೆಸರು ಕೊಟ್ಟು ಬಂದಳು. ಕಲ್ಯಾಣ ಮಂಟಪದ ಶೀಟಿನ ಕೆಳಗೆ, ಎಣ್ಣೆ ಮಿಲ್ಲುಗಳ ಶೇಂಗಾ ಹಿಂಡಿಯ ವಾಸನೆಯಲ್ಲಿ, ಕೋಟು ತೊಟ್ಟು ಟೈ ಕಟ್ಟಿದ ಆ ಮಹಾನುಭಾವರು ಬೆವರುತ್ತಾ, ‘ಸಮಸ್ಯೆ ಅನ್ನಬೇಡಿ, ಅವಕಾಶ ಅನ್ನಿ’ ಎಂದರು. ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ‘ಅವಕಾಶ ಬಂತು’ ಎಂದು ಹಿಂದಿನಿಂದ ಯಾರೋ ಅಂದರು. ಸಂಜೆಯ ಹೊತ್ತಿಗೆ ನಮ್ಮ ಅಡ್ಡಿ ಆತಂಕಗಳಿಗೆಲ್ಲ ಪರಿಹಾರ ಕೈಕುಲುಕುವುದರಲ್ಲಿ ಅಡಗಿದೆ ಎಂದು ತೀರ್ಮಾನವಾಯಿತು. ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ಮುಗುಳುನಗಬೇಕು, ಕೈಯನ್ನು ಗಟ್ಟಿಯಾಗಿ ಹಿಡಿಯಬೇಕು, ಏನೇ ಆಗಲಿ ನಾವು ಮೊದಲು ಕೈ ಬಿಡಬಾರದು. ‘ಇವತ್ತು ಸಿಕ್ಕ ಮೊದಲ ಮನುಷ್ಯನ ಮೇಲೇ ಪ್ರಯೋಗ ಮಾಡಿ!’ ಎಂದು ಆಶೀರ್ವಾದ ಮಾಡಿ ಕಳಿಸಿದರು.

ಅವತ್ತು ಸಂತೆ. ನನಗೆ ಸಿಕ್ಕ ಮೊದಲ ಮನುಷ್ಯ ಕುರಿ ದಲ್ಲಾಳಿ ಬಾಬುಸಾಬರು. ನಮ್ಮ ಕಡೆ ಕುರಿ ವ್ಯಾಪಾರ ಬಾಯಲ್ಲಿ ಆಗುವುದಿಲ್ಲ, ಟವಲಿನ ಕೆಳಗೆ ಆಗುತ್ತದೆ. ದಲ್ಲಾಳಿ ಕೈಮೇಲೆ ಟವಲು ಹಾಕಿ ನಮ್ಮ ಬೆರಳು ಹಿಡಿದು ಬೆಲೆ ತಿಳಿಸುತ್ತಾನೆ. ಒಪ್ಪದಿದ್ದರೆ ಕೈ ಎಳೆದುಕೊಳ್ಳಬೇಕು, ಒಪ್ಪಿದರೆ ಗಟ್ಟಿಯಾಗಿ ಹಿಡಿಯಬೇಕು. ಇದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೆ ಅವತ್ತು ತಲೆಯ ತುಂಬ ತರಬೇತಿ. ‘ಕ್ಯಾ ಸಾಬ್, ಚೆನ್ನಾಗಿದೀರಾ?’ ಎಂದ ಬಾಬುಸಾಬರ ಕೈಯನ್ನು ಗಬಕ್ಕನೆ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟೆ. ಅವರು ಒಂದು ಕ್ಷಣ ಬೆಚ್ಚಿ, ಪಕ್ಕದಲ್ಲಿದ್ದ ಟಗರನ್ನು ನೋಡಿ, ನನ್ನನ್ನು ನೋಡಿ, ಹೆಗಲ ಮೇಲಿನ ಟವಲನ್ನು ನಮ್ಮಿಬ್ಬರ ಕೈಮೇಲೆ ಎಳೆದರು. ಬೆರಳು ಅದುಮಿದರು. ನಾನು ಇನ್ನೂ ಗಟ್ಟಿಯಾಗಿ ಅದುಮಿ ಮುಗುಳುನಕ್ಕೆ. ‘ಮಂಚಿ ಪೊಟ್ಟೇಲು ಸಾರ್, ಒಳ್ಳೇ ಟಗರು!’ ಎಂದು ಆಂಧ್ರದ ಕಡೆಯಿಂದ ಬಂದಿದ್ದ ಟಗರಿನ ಯಜಮಾನ ಕೈಮುಗಿದು, ಹಗ್ಗವನ್ನು ನನ್ನ ಎಡಗೈಗೆ ಕೊಟ್ಟೇಬಿಟ್ಟ.

‘ಅಯ್ಯೋ, ನಾನು ಸುಮ್ನೆ ಕೈ ಕುಲುಕಿದ್ದು’ ಎಂದೆ. ಸುತ್ತ ನಿಂತವರ ಮುಖ ಗಂಟಾಯಿತು. ‘ಟವಲ್ ಕೆಳಗೆ ಹಿಡಿದಿದ್ದು ಜಬಾನ್ ಸಾಬ್, ಕೊಟ್ಟ ಮಾತು’ ಎಂದರು ಬಾಬುಸಾಬರು, ಬೇಸರದಿಂದ. ‘ಈಗ ಬ್ಯಾಡ ಅಂದ್ರೆ ನನ್ ಇಜ್ಜತ್ ಏನಾಗ್ಬೇಕು?’ ಬೇಡ ಎನ್ನಬಲ್ಲವನಾಗಿದ್ದರೆ ನಾನು ಆ ಶಿಬಿರಕ್ಕೆ ಯಾಕೆ ಹೋಗುತ್ತಿದ್ದೆ ಹೇಳಿ. ಪರಿಚಯದ ಅಂಗಡಿಯಲ್ಲಿ ಕೈಗಡ ತಂದು ಕೊಟ್ಟು ಟಗರು ಹಿಡಿದುಕೊಂಡು ನಡೆದೆ. ನಡೆದೆ ಎನ್ನುವುದೂ ತಪ್ಪು, ಅದು ಎಳೆದುಕೊಂಡು ಹೋಯಿತು.

‘ಬಾಳು ತಿದ್ಕೊಂಡು ಬರ್ರಿ ಅಂತ ಕಳಿಸಿದ್ರೆ ಟಗರು ಹೊಡ್ಕೊಂಡು ಬಂದೀರಲ್ರೀ! ಇದೇನು ಪ್ರೈಜಾ?’ ಎಂದು ರತ್ನ ಬಾಗಿಲಲ್ಲೇ ಹಣೆ ಚಚ್ಚಿಕೊಂಡಳು. ಮಗಳು ಮಾತ್ರ ‘ಮಾಮ ಟಗರು ತಂದ್ರು’ ಎಂದು ಬೀದಿಗೆಲ್ಲ ಸಾರಿದಳು.

ಮರುದಿನ ಬೆಳಗ್ಗೆ ವಾಕಿಂಗ್ ಹೊರಟ ವೀರಭದ್ರಪ್ಪನವರು ನಮ್ಮ ಮನೆಯ ಮುಂದೆ ನಿಂತರು. ನನ್ನನ್ನು ನೋಡಿಯಲ್ಲ, ಟಗರನ್ನು ನೋಡಿ. ಬೆನ್ನು ತಡವಿದರು, ಬಾಯಿ ತೆರೆದು ಹಲ್ಲು ನೋಡಿದರು. ‘ಯಾರಯ್ಯ ಆರಿಸಿದ್ದು ಇದನ್ನ?’

‘ನಾನೇ ಸಾರ್.’

‘ಭೇಷ್! ದೇವಸಮುದ್ರದಲ್ಲಿ ಮುದಿ ಕುರಿ ತೋರಿಸಿ ಸಾಲ ಎತ್ತಿ ಮೋಸ ಮಾಡ್ತಿದಾರೆ ಕಣಯ್ಯ. ಕುರಿ ಬಲ್ಲೋನು ಅಲ್ಲಿಗೆ ಒಬ್ಬ ಬೇಕಾಗಿತ್ತು. ನೀನು ರಿಟೈರ್ ಆಗೋವರೆಗೂ ಅಲ್ಲೇ ಇರು. ಕೊಂಡ್ಲಹಳ್ಳಿ ಕಡೆ ಕುರಿನೂ ನೀನೇ ನೋಡ್ಕೊ.’

ಈ ಸಲ ‘ಆಗಲ್ಲ’ ಎನ್ನಲೇಬೇಕಿತ್ತು. ಕಣ್ಣಲ್ಲಿ ಕಣ್ಣಿಟ್ಟೆ, ಕೈ ಚಾಚಿದೆ, ಬಾಯಿ ತೆರೆದೆ. ‘ಬಹಳ ಉಪಕಾರ ಸಾರ್’ ಎಂಬ ಮಾತು ಹೊರಬಂತು.

ಬಾಗಿಲ ಮರೆಯಲ್ಲಿದ್ದ ರತ್ನ ಕೈಯಲ್ಲಿ ಪೊರಕೆ ಹಿಡಿದೇ ಹೊರಗೆ ಬಂದಳು. ‘ಸಾಹೇಬ್ರೆ, ಇವ್ರಿಗೆ ಕುರಿ ಯಾವ್ದು ಮೇಕೆ ಯಾವ್ದು ಗೊತ್ತಿಲ್ರಿ. ಕೈ ಕುಲುಕಾಕೆ ಹೋಗಿ ಸಿಕ್ಕಾಕ್ಕೊಂಡು ಬಂದವ್ರೆ. ಇಂಥೋರನ್ನ ಕುರಿ ಸಾಲದ ಹತ್ರ ಬಿಟ್ರೆ ನಿಮ್ ಸಂಘ ಮುಳುಗಿ ಹೋಗ್ತೈತೆ. ಚಳ್ಳಕೆರೇಲಿ ಕುರ್ಚಿ ಖಾಲಿ ಐತಂತಲ್ಲ, ನಿಮ್ ಕಣ್ಣೆದುರೇ ಕೂರಿಸ್ಕೊಳ್ರಿ. ಮಗಳು ಇವ್ರನ್ನ ಮಾಮ ಅಂತಾಳೆ’ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಳು.

ವೀರಭದ್ರಪ್ಪನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಹೌದೇನಯ್ಯ?’ ಎಂದರು. ‘ಹೌದು ಸಾರ್’ ಎಂದೆ. ಆ ವಾರವೇ ವರ್ಗವಾಯಿತು. ಮನೆದೇವರಿಗೆ ಹರಕೆ ಇದೆ ಎಂದು ಟಗರನ್ನೂ ವೀರಭದ್ರಪ್ಪನವರೇ ನಾನು ಕೊಂಡ ಬೆಲೆಗೇ ತೆಗೆದುಕೊಂಡು ಹೋದರು.

ಸುದ್ದಿ ತರಬೇತುದಾರರ ಕಿವಿಗೆ ಬಿತ್ತು. ಮುಂದಿನ ಶಿಬಿರಕ್ಕೆ ನನ್ನನ್ನು ವೇದಿಕೆ ಹತ್ತಿಸಿ, ‘ಒಂದೇ ದಿನದ ತರಬೇತಿಯಿಂದ ವರ್ಗ ಪಡೆದ ಧೀರರು! ನಮ್ಮ ತರಬೇತಿಯಿಂದಲೇ ಅಲ್ಲವೇ ಸಾರ್?’ ಎಂದು ಮೈಕು ಹಿಡಿದರು. ಅಲ್ಲ, ಕೇಳಿದ್ದು ನನ್ನ ಹೆಂಡತಿ ಎನ್ನಬೇಕೆಂದೇ ಬಾಯಿ ತೆರೆದೆ. ‘ಹೌದು ಸಾರ್’ ಎಂದೆ. ಚಪ್ಪಾಳೆಯೋ ಚಪ್ಪಾಳೆ. ಕೆಳಗಿಳಿದಾಗ ಕುದಾಪುರದ ಕಡೆಯ ಮೇಷ್ಟರೊಬ್ಬರು ನನ್ನನ್ನು ಕಂಬದ ಮರೆಗೆ ಎಳೆದುಕೊಂಡು ಹೋಗಿ, ‘ತರಬೇತಿ ಹಾಳಾಗ್ಲಿ ಸಾರ್. ನಿಮ್ ಸೆಕ್ರೆಟರಿಗೆ ಕೊಟ್ರಲ್ಲ, ಆ ಟಗರು ಎಲ್ಲಿ ತಂದ್ರಿ? ನಂದೂ ಒಂದು ವರ್ಗ ಬಾಕಿ ಐತೆ’ ಎಂದು ಪಿಸುಗುಟ್ಟಿದರು. ಅವರಿಗಾದರೂ ನಿಜ ಹೇಳಬೇಕಿತ್ತು. ಬಾಬುಸಾಬರ ವಿಳಾಸ ಹೇಳಿದೆ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಮಗಳು ‘ಅಪ್ಪ ಬಂದ್ರು’ ಎಂದು ಕೂಗಿಕೊಂಡು ಓಡಿಬಂದಳು. ‘ವೇದಿಕೆ ಮ್ಯಾಲೆ ನನ್ ಹೆಸರು ಹೇಳಿದ್ರಾ?’ ಎಂದಳು ರತ್ನ. ಅವಳ ಕಣ್ಣಲ್ಲಿ ಕಣ್ಣಿಟ್ಟು, ‘ಬಿಸಿಲು ಜಾಸ್ತಿ ಕಣೇ’ ಎಂದೆ.